ಬಗ್ಗದ ಸ್ಕೀ ಹೊತ್ತು ಬರುವವರಿಗೆ

ನವೆಂಬರ್ ಬಂತು ಅಂದರೆ ನನ್ನ ಫೋನಿಗೆ ಫೋಟೋಗಳು ಬರಲು ಶುರು. ಮ್ಯೂನಿಕ್‌ನಿಂದ, ಜ್ಯೂರಿಕ್‌ನಿಂದ, ಎಲ್ಲಾ ನಮ್ಮ ಕಡೆಯ ಹುಡುಗರೇ. ಯಾರೋ ಬಳಸಿ ಬಿಟ್ಟ ರೇಸ್ ಸ್ಕೀಯ, ಅಂದರೆ ಪಂದ್ಯಕ್ಕೆ ಅಂತ ಮಾಡಿದ ಗಡಸು ಸ್ಕೀಯ ಚಿತ್ರ, ಕೆಳಗೆ ಒಂದೇ ಸಾಲು: "ಸಾರ್, ಅರ್ಧ ಬೆಲೆಗೆ ಸಿಗ್ತಿದೆ. ಕಷ್ಟದ ಸ್ಕೀ ಮೇಲೆ ಕಲಿತ್ರೆ ಟೆಕ್ನಿಕ್ ತಾನಾಗೇ ಬರುತ್ತೆ ಅಲ್ವಾ?"

ಬರುವುದಿಲ್ಲ. ತಾನಾಗೇ ಬರುವುದು ಮಂಡಿನೋವು.

ಆಸ್ಟ್ರಿಯಾದ ಇನ್ಸ್‌ಬ್ರುಕ್ ಹತ್ತಿರ ಬೆಳಗ್ಗೆ ಸ್ಕೀ ಕಲಿಸಿ, ಸಂಜೆ ಅಂಗಡಿಯಲ್ಲಿ ಎಡ್ಜ್ (ಸ್ಕೀಯ ಅಂಚಿನ ಉಕ್ಕಿನ ಪಟ್ಟಿ) ಮಸೆಯುತ್ತಾ 12 ಚಳಿಗಾಲ ಕಳೆದಿದ್ದೇನೆ. ಈ ಪ್ರಶ್ನೆ ಕೇಳದ ವರ್ಷವಿಲ್ಲ. ಆಸೆಯೇನೋ ತಪ್ಪಲ್ಲ. ಬಾಡಿಗೆಗೆ ಕೊಡುವ ಮೆತ್ತನೆ ಸ್ಕೀ ಎಲ್ಲವನ್ನೂ ಕ್ಷಮಿಸುತ್ತದೆ, ಹಿಂದಕ್ಕೆ ವಾಲಿ ಕುರ್ಚಿ ಮೇಲೆ ಕೂತ ಹಾಗೆ ಕೂತರೂ ತಿರುಗಿಬಿಡುತ್ತದೆ. ಸ್ವಲ್ಪ ಬಿಗಿಯಾದ ಮೇಷ್ಟ್ರು ಬೇಕು ಅನ್ನಿಸುವುದು ಸಹಜ. ಆದರೆ ಮೇಷ್ಟ್ರು ನಿಮ್ಮ ಜೊತೆ ಮಾತಾದರೂ ಆಡಬೇಕಲ್ಲ.

ಎಲ್ಲ ಗೊಂದಲಕ್ಕೂ ಮೂಲ ಸ್ಕೀ ಮೇಲೆ ಬರೆದಿರುವ ಒಂದು ಸಣ್ಣ ಅಂಕಿ. 13 ಮೀಟರ್, 18 ಮೀಟರ್, 30 ಮೀಟರ್. ಇದನ್ನು ನೋಡಿ "ಈ ಸ್ಕೀ ಇಷ್ಟು ದೊಡ್ಡ ತಿರುವು ಹಾಕುತ್ತದೆ" ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಸುಮ್ನೆ ನೆಲದ ಮೇಲೆ ಬಿದ್ದಿರುವ ಸ್ಕೀಯ ಪಕ್ಕದ ಅಂಚು ಸೊಂಟದ ಹತ್ತಿರ ಒಳಕ್ಕೆ ಬಾಗಿರುವ ವೃತ್ತದ ತ್ರಿಜ್ಯ, ಅಷ್ಟೇ. ಸ್ಕೀಯನ್ನು ಎಡ್ಜ್ ಮೇಲೆ ವಾಲಿಸಿದಾಗ ಮೂತಿ ಮತ್ತು ಬಾಲ ಹಿಮಕ್ಕೆ ತಾಗುತ್ತವೆ, ನಡುವೆ ಸಂದು ಉಳಿಯುತ್ತದೆ. ನಿಮ್ಮ ಭಾರ ಆ ನಡುವನ್ನು ಕೆಳಕ್ಕೆ ಒತ್ತುತ್ತದೆ. ಆಗ ಸ್ಕೀ ಬಿಲ್ಲಿನ ಹಾಗೆ ಬಗ್ಗುತ್ತದೆ. ತಿರುವು ಹುಟ್ಟುವುದು ಆ ಬಿಲ್ಲಿನಿಂದ. ಜಾಸ್ತಿ ವಾಲಿಸಿದಷ್ಟೂ ತಿರುವು ಚಿಕ್ಕದು. 60 ಡಿಗ್ರಿ ವಾಲಿಸಿದರೆ 13 ಮೀಟರಿನ ಸ್ಕೀ ಆರೂವರೆ ಮೀಟರಿನ ತಿರುವು ಕೊಯ್ಯುತ್ತದೆ, ಅಂದರೆ ಅರ್ಧ.

ಸರಿ, ವಾಲಿಸಿದರಾಯ್ತು ಅನ್ನುತ್ತೀರಿ. ಇಲ್ಲೇ ಎಲ್ಲರೂ ಎಡವುವುದು. ಸೈಕಲ್ಲಿನಲ್ಲಿ ತಿರುವು ತೆಗೆದುಕೊಳ್ಳುವಾಗ ಎಷ್ಟು ವಾಲಬಹುದು ಅನ್ನುವುದನ್ನು ನೀವು ತೀರ್ಮಾನಿಸುವುದಿಲ್ಲ, ನಿಮ್ಮ ವೇಗ ತೀರ್ಮಾನಿಸುತ್ತದೆ. ವೇಗ ಇಲ್ಲದೆ ವಾಲಿದರೆ ಪಕ್ಕಕ್ಕೆ ಬೀಳುತ್ತೀರಿ. ಸ್ಕೀಗೂ ಅದೇ ಲೆಕ್ಕ. ಕೆಂಪು ಪಿಸ್ಟಿನಲ್ಲಿ, ಅಂದರೆ ಮಧ್ಯಮ ಕಷ್ಟದ ಸ್ಕೀ ಇಳಿಜಾರಿನಲ್ಲಿ, ನನ್ನ ವಿದ್ಯಾರ್ಥಿಗಳು ಹೋಗುವುದು ಗಂಟೆಗೆ 25 ಕಿಲೋಮೀಟರ್ ಆಸುಪಾಸಿನಲ್ಲಿ, ಅವರು 60 ಅಂದುಕೊಂಡಿರುತ್ತಾರೆ ಅದು ಬೇರೆ ಮಾತು. ಆ ವೇಗದಲ್ಲಿ 13 ಮೀಟರಿನ ತಿರುವಿನಲ್ಲಿ ಮೈ ಸುಮಾರು 20 ಡಿಗ್ರಿ ವಾಲಬಹುದು. 18 ಮೀಟರಿನದ್ದಾದರೆ 15. 30 ಮೀಟರಿನದ್ದಾದರೆ ಬರೀ 9. ಇದು ಒರಟು ಲೆಕ್ಕ, ಇಳಿಜಾರು, ಸೊಂಟದಲ್ಲಿ ಮೈ ಬಗ್ಗಿಸುವ ರೀತಿ ಎಲ್ಲಾ ಸೇರಿದರೆ ಹೆಚ್ಚುಕಮ್ಮಿ ಆಗುತ್ತದೆ. ಆದರೂ 9 ಡಿಗ್ರಿಗೆ ಯಾವ ಎಡ್ಜ್ ಹಿಮ ಕಚ್ಚುತ್ತದೆ ಹೇಳಿ.

ಅದರ ಮೇಲೆ ಗಡಸುತನ ಬೇರೆ. ಮರದ ತಿರುಳಿನ ಮೇಲೊಂದು ಕೆಳಗೊಂದು ಟೈಟನಾಲ್ ಹಾಳೆ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಅಡಿಗೆ ರೇಸ್ ಪ್ಲೇಟ್ ಅನ್ನುವ ಗಟ್ಟಿ ಪಟ್ಟಿ. (ಟೈಟನಾಲ್ ಅಂದರೆ ಟೈಟಾನಿಯಂ ಅಲ್ಲ, ಅಲ್ಯುಮಿನಿಯಂ ಮಿಶ್ರಲೋಹ. ಹೆಸರಿಗೇ ಮರುಳಾಗಿ ದುಡ್ಡು ಕೊಟ್ಟವರನ್ನು ನೋಡಿದ್ದೇನೆ.) ತನ್ನ ತೂಕದ ಎರಡು ಮೂರು ಪಟ್ಟು ಒತ್ತುವ ಆಟಗಾರನಿಗೆ ಅಂತ ಮಾಡಿದ ವಸ್ತು ಅದು. ನಿಮ್ಮ ಕಾಲಡಿ ಹಲಗೆಯ ಹಾಗೆ ಬಿದ್ದಿರುತ್ತದೆ. ಎದುರಿಗೆ ಜನ, ಪಿಸ್ಟಿನ ಅಂಚು, ಆಚೆ ಮರ. ತಿರುಗಲೇಬೇಕು. ಏನು ಮಾಡುತ್ತೀರಿ? ಹೆಗಲು ತಿರುಚಿ, ಹಿಮ್ಮಡಿ ಒದ್ದು, ಸ್ಕೀಯನ್ನು ಅಡ್ಡ ಎಳೆಯುತ್ತೀರಿ. ಕಲಿಸಲಿಲ್ಲ ಅಂತ ಸ್ಕೀಯನ್ನು ದೂರುವ ಹಾಗಿಲ್ಲ. ಕಲಿಸಿತು, ಹೆಗಲು ತಿರುಚುವುದನ್ನು. ಅದನ್ನು ಬಿಡಿಸಲು ನನಗೆ ಎರಡು ಸೀಸನ್ ಬೇಕು.

ಒಬ್ಬ ಹುಡುಗ ವಾದಕ್ಕೇ ನಿಂತ. "ನೀವೂ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ತುಳಿದೇ ಕಲಿತವರಲ್ವಾ?" ಒಳ್ಳೇ ಪ್ರಶ್ನೆ, ಒಂದು ಗಳಿಗೆ ಉತ್ತರ ಹೊಳೆಯಲಿಲ್ಲ. ಕಲಿತೆ, ನಿಜ. ಆದರೆ ಆ ಸೈಕಲ್ ನಾನು ತುಳಿದಷ್ಟು ಓಡುತ್ತಿತ್ತು, ಹ್ಯಾಂಡಲ್ ತಿರುಗಿಸಿದರೆ ತಿರುಗುತ್ತಿತ್ತು. ಸೀಟಿನ ಮೇಲೆ ನೆಟ್ಟಗೆ ಕೂರುವುದಕ್ಕೆ ಆಮೇಲೆ ಒಂದು ವರ್ಷ ಹಿಡಿಯಿತು ಅನ್ನುವುದೂ ನಿಜ.

ಅವನು ಕೇಳದೆ 193 ಸೆಂಟಿಮೀಟರಿನ, 30 ಮೀಟರಿನ ಜೈಂಟ್ ಸ್ಲಾಲಮ್ (ದೊಡ್ಡ ತಿರುವುಗಳ ರೇಸ್) ಸ್ಕೀ ತಂದ. ಗಂಡಸರ ವಿಶ್ವಕಪ್ಪಿಗೆ ಫಿಸ್ (ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ) ಹಾಕಿರುವ ಅಳತೆಯೇ ಅದು. ಸ್ಟುಬಾಯ್ ಗ್ಲೇಸಿಯರಿಗೆ ಹೋದೆವು. ಬೆಳಗ್ಗೆ ಒಂಬತ್ತು ಗಂಟೆ, ರಾತ್ರಿ ಯಂತ್ರ ಬಾಚಿದ ಗೆರೆ ಇನ್ನೂ ಮಾಸಿಲ್ಲ, ಇದಕ್ಕಿಂತ ಒಳ್ಳೆ ಪಿಸ್ಟ್ ಸಿಗುವುದಿಲ್ಲ. ಒಂದು ಸಲ ಇಳಿದು ಬಂದು ಲಿಫ್ಟಿನಲ್ಲಿ ಕೂತಾಗ ಕೆಳಗೆ ಅವನ ಜಾಡು ತೋರಿಸಿದೆ. ಸ್ಕೀ ಅಡ್ಡ ಜಾರಿ, ಅಂಗಳ ಗುಡಿಸಿದ ಪೊರಕೆ ಗುರುತು. ಮಧ್ಯಾಹ್ನ ನನ್ನ 165 ಸೆಂಟಿಮೀಟರ್, 13 ಮೀಟರಿನ ಸ್ಕೀ ಕೊಟ್ಟೆ, ಬೂಟಿಗೆ ಬೈಂಡಿಂಗ್ ಹೊಂದಿಸಿ. ಮೂರನೇ ಸುತ್ತಿಗೆ ಎಡ್ಜ್ ಕಚ್ಚಿ ಹಿಮದ ಮೇಲೆ ಎರಡು ತೆಳು ಗೆರೆ ಬಿತ್ತು, ಪೆನ್ಸಿಲಿನಲ್ಲಿ ಎಳೆದ ಹಾಗೆ. ನಾಲ್ಕು ತಿರುವು ಅಷ್ಟೇ. ಅವನು ಚಿಕ್ಕ ಮಗುವಿನ ಹಾಗೆ ಕೂಗಿಕೊಂಡ, ನನಗೂ ಖುಷಿ ತಡೆಯಲಾಗಲಿಲ್ಲ.

ಹಾಗಾದರೆ ಯಾವುದು ತಗೊಳ್ಳಲಿ ಅಂತೀರಿ. ನಿಮ್ಮ ತೂಕ, ಮಂಡಿ, ಸ್ಕೀ ಮಾಡುವ ದಿನಗಳು ನೋಡದೆ ಇಂಥದ್ದೇ ಅನ್ನಲಾರೆ. ಸಾಧಾರಣ ಮೈಕಟ್ಟಿನ ಗಂಡಸಿಗೆ 160ರಿಂದ 165 ಸೆಂಟಿಮೀಟರ್, ಹೆಂಗಸರಿಗೆ 150ರಿಂದ 155, ತಿರುವಿನ ಅಂಕಿ 12ರಿಂದ 14, ಪಾದದಡಿ ಅಗಲ 70 ಮಿಲಿಮೀಟರಿನ ಒಳಗೆ, ಚಿಕ್ಕ ತಿರುವಿನ ಸ್ಲಾಲಮ್ ಜಾತಿಯದ್ದು, ರೇಸಿನ ಸ್ಕೀಗಿಂತ ಒಂದು ಮೆಟ್ಟಿಲು ಕೆಳಗೆ. ಇದೂ ಸುಲಭದ ಸ್ಕೀ ಅಲ್ಲ. ಹಿಂದಕ್ಕೆ ಕೂತರೆ ಕೆನ್ನೆಗೆ ಹೊಡೆದ ಹಾಗೆ ಹೇಳುತ್ತದೆ, ಆದರೆ ನಿಮ್ಮ ವೇಗದಲ್ಲೇ ಹೇಳುತ್ತದೆ. ಮತ್ತೆ ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಬೂಟಿಗೆ ಹಾಕಿ. ಒಳಗೆ ಕಾಲು ಅಲ್ಲಾಡುವ ಬೂಟಿನಲ್ಲಿ ಯಾವ ಸ್ಕೀಯೂ ನಿಮ್ಮ ಮಾತು ಕೇಳುವುದಿಲ್ಲ.

ಆ ಹುಡುಗ 193ರ ಜೋಡಿಯನ್ನು ಮಾರಿಲ್ಲ, ನೆಲಮಾಳಿಗೆಯಲ್ಲಿ ಇಟ್ಟಿದ್ದಾನೆ. ಪ್ರತಿ ನವೆಂಬರ್ ಮೆಸೇಜ್ ಬರುತ್ತದೆ, "ಈ ವರ್ಷ ತೆಗೆಯಲಾ?" ಮೊದಲು ಜಾಡಿನ ಫೋಟೋ ಕಳಿಸು ಅನ್ನುತ್ತೇನೆ. ಹೋದ ಸಲದ್ದು ನೋಡಿದೆ. ಬಲಕ್ಕೆ ತಿರುಗುವಾಗ ಪೆನ್ಸಿಲ್ ಗೆರೆ, ಎಡಕ್ಕೆ ಇನ್ನೂ ಪೊರಕೆ.