ಬರ್ನಿನಾ ಎಕ್ಸ್‌ಪ್ರೆಸ್ಸಲ್ಲಿ ಸೀಟ್ ಸಿಗ್ಲಿಲ್ಲ, ಈಗೇನ್ ಮಾಡೋದು?

ಪ್ರಶ್ನೆ: ಡಿಸೆಂಬರ್ ಕೊನೇ ವಾರ ಸ್ವಿಟ್ಜರ್ಲೆಂಡ್‌ಗೆ ಹೋಗ್ತಿದ್ದೀವಿ. ಹಿಮದ ಮಧ್ಯೆ ಹೋಗೋ ಆ ಕೆಂಪು ರೈಲು, ಬರ್ನಿನಾ ಎಕ್ಸ್‌ಪ್ರೆಸ್ಸಲ್ಲಿ ಹೋಗ್ಲೇಬೇಕು ಅಂತಿತ್ತು, ನೋಡಿದ್ರೆ ಸೀಟೆಲ್ಲ ಫುಲ್. ಮಾಮೂಲಿ ರೈಲಲ್ಲಿ ಹೋದ್ರೆ ಅದೇ ನೋಟ ಸಿಗುತ್ತಾ, ಇಲ್ಲಾ ಪ್ಲ್ಯಾನೇ ಬಿಡೋದಾ?

ಬಿಡ್ಬೇಡಿ ಮಾರಾಯ್ರೆ. ಸೀಟ್ ಸಿಗದೇ ಇದ್ದಿದ್ದು ಒಂಥರಾ ಒಳ್ಳೇದೇ ಆಯ್ತು ಅಂತೀನಿ ನಾನು.

ಬರ್ನಿನಾ ಎಕ್ಸ್‌ಪ್ರೆಸ್ ಅನ್ನೋದು ಬೇರೆ ಹಳಿ ಏನಲ್ಲ. ಸೇಂಟ್ ಮಾರಿಟ್ಜ್‌ನಿಂದ ಇಟಲಿಯ ತಿರಾನೋವರೆಗೆ ಸುಮಾರು 61 ಕಿಲೋಮೀಟರ್, 1910ರಲ್ಲಿ ಪೂರ್ತಿಯಾದ ಒಂದೇ ಮೀಟರ್ ಗೇಜ್ ಲೈನು. ಅದೇ ಲೈನಲ್ಲಿ ಊರಿನವರು ಓಡಾಡೋ ಲೋಕಲ್ ರೈಲು ಹಗಲೆಲ್ಲ ಹೆಚ್ಚುಕಮ್ಮಿ ಗಂಟೆಗೊಂದು ಇದೆ. ಎಕ್ಸ್‌ಪ್ರೆಸ್‌ಗೆ ಸೀಟ್ ರಿಸರ್ವೇಶನ್ ಕಡ್ಡಾಯ, ಪಾಸ್ ಇದ್ರೂ ಸೀಟಿಗೆ ಬೇರೆ ದುಡ್ಡು. ಲೋಕಲ್‌ಗೆ ಸ್ವಿಸ್ ಟ್ರಾವೆಲ್ ಪಾಸ್ ಇದ್ರೆ ಸಾಕು, ತಿರಾನೋವರೆಗೂ ನಡೆಯುತ್ತೆ, ಸುಮ್ನೆ ಹತ್ತಿ ಕೂತ್ಕೊಳ್ಳೋದು. ನಮ್ಮ ಬೆಂಗಳೂರು-ಮಂಗಳೂರು ರೈಲಲ್ಲಿ ಗಾಜಿನ ವಿಸ್ಟಾಡೋಮ್ ಬೋಗಿಯವರು ನೋಡೋದೂ ಹಿಂದಿನ ಬೋಗಿಯವರು ನೋಡೋದೂ ಅದೇ ಸಕಲೇಶಪುರ ಘಾಟಿ ತಾನೇ, ಹಂಗೇ ಇದು.

ವ್ಯತ್ಯಾಸ ಇಲ್ವೇ ಇಲ್ಲ ಅಂತಲ್ಲ. ಎಕ್ಸ್‌ಪ್ರೆಸ್‌ನ ಗಾಜು ಛಾವಣಿ ತನಕ ಬಾಗಿರುತ್ತೆ, ಬೆಟ್ಟದ ತುದಿ ಕೂತಲ್ಲೇ ಕಾಣುತ್ತೆ, ಆದ್ರೆ ಆ ಕಿಟಕಿ ತೆಗಿಯೋಕಾಗಲ್ಲ, ಫೋಟೋ ತೆಗೆದ್ರೆ ಅರ್ಧ ಹಿಮ, ಇನ್ನರ್ಧ ಗಾಜಲ್ಲಿ ನಿಮ್ಮದೇ ಸ್ವೆಟರ್. ಲೋಕಲ್ ರೈಲಿಗೆ ಸಿಕ್ಕಿಸಿರೋ ಹಳೇ ಬೋಗಿಗಳಲ್ಲಿ ಕಿಟಕಿ ಕೆಳಗಿಳಿಸ್ಬೋದು. ಇಳಿಸಿ, ಎರಡು ಫೋಟೋ ತೆಗೆದು, ತಕ್ಷಣ ಮುಚ್ಚಿ, ಯಾಕಂದ್ರೆ ಎದುರುಗಡೆ ಸ್ಕೀ ಹಿಡ್ಕೊಂಡು ಕೂತಿರೋ ಅಜ್ಜನ ಮುಖ ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಬಾಯಲ್ಲೇನೂ ಹೇಳಲ್ಲ ಆದ್ರೆ ಹೇಳಿದಂಗೇ.

ಲೋಕಲ್‌ನ ನಿಜವಾದ ಲಾಭ ಇಳಿಯೋದ್ರಲ್ಲಿದೆ. ಎಲ್ಲಿ ಬೇಕಾದ್ರೂ ಇಳಿದು ಮುಂದಿನ ರೈಲು ಹಿಡೀಬೋದು. ಒಂದೇ ಕಡೆ ಇಳಿಯೋದಾದ್ರೆ ಆಲ್ಪ್ ಗ್ರ್ಯೂಮ್‌ನಲ್ಲಿ ಇಳೀರಿ, 2091 ಮೀಟರ್ ಎತ್ತರ, ಕಲ್ಲಿನ ಸ್ಟೇಷನ್ನು, ಒಳಗೆ ರೆಸ್ಟೋರೆಂಟು, ಎದುರಿಗೆ ಪಾಲೂ ಹಿಮನದಿ. ನಾವು ಇಳಿದಾಗ ರೈಲು ಹೋಗಿ ಎರಡು ನಿಮಿಷಕ್ಕೆ ಎಂಥಾ ಮೌನ ಅಂದ್ರೆ ನಮ್ಮ ಬೂಟಿನ ಕೆಳಗೆ ಹಿಮ ಕರಕರ ಅನ್ನೋದು ಬಿಟ್ರೆ ಏನೂ ಕೇಳಿಸ್ತಿರ್ಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಡೆ ನೋಡ್ತೀನಿ, ನಾವು ಬಿಟ್ಟ ಅದೇ ರೈಲು ಪೂರ್ತಿ ತಿರುಗಿ ಉಲ್ಟಾ ದಿಕ್ಕಿಗೆ ಹೋಗ್ತಿದೆ, ಆಟದ ಸಾಮಾನಿನ ಥರ. ಅಲ್ಲಿ ಹಳಿ ಯೂ-ಟರ್ನ್ ಮೇಲೆ ಯೂ-ಟರ್ನ್ ಹೊಡೀತಾ ಇಳಿಯುತ್ತೆ. ಗ್ಲೌಸ್ ತೆಗೆದು ಫೋನ್ ಹಿಡಿದ್ರೆ ನಲವತ್ತು ಪರ್ಸೆಂಟ್ ಬ್ಯಾಟರಿ ಇದ್ದ ಫೋನು ಚಳಿಗೆ ಆಫ್. ಫೋನ್ ಒಳಗಿನ ಜೇಬಲ್ಲಿ, ಮೈಗೆ ಅಂಟ್ಕೊಂಡಂಗಿರ್ಲಿ.

ಇಷ್ಟೆಲ್ಲ ತಿರುವು ಯಾಕೆ ಅಂದ್ರೆ ಇಳಿಜಾರು ಅಷ್ಟಿದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರಿಗೆ 1 ಮೀಟರ್, ಅಂದ್ರೆ ಕಿಲೋಮೀಟರಿಗೆ 20 ಮೀಟರ್ ಏರು, ಅದಕ್ಕೇ ನಮ್ಮ ರೈಲಿಗೆ ಹಿಂದೆ ಮುಂದೆ ಇಂಜಿನ್ ಹಾಕ್ತಾರೆ. ಇಲ್ಲಿ ಕೆಲವು ಕಡೆ ಕಿಲೋಮೀಟರಿಗೆ 70. ಊಟಿ ರೈಲಿನ ಕಡಿದಾದ ಏರು ಇದಕ್ಕಿಂತ ಸ್ವಲ್ಪವೇ ಜಾಸ್ತಿ, ಆದ್ರೆ ಅಲ್ಲಿ ಹಳಿ ಮಧ್ಯೆ ಹಲ್ಲಿನ ಪಟ್ಟಿ ಇದೆ. ಬರ್ನಿನಾದಲ್ಲಿ ಹಲ್ಲೂ ಇಲ್ಲ ಏನೂ ಇಲ್ಲ, ಚಕ್ರ ಹಳಿ ಮೇಲೆ ಹಿಡಿಯೋ ಹಿಡಿತವೇ ಎಲ್ಲ. ಮೊದಲಿಂದಲೂ ಕರೆಂಟಿನ ರೈಲು, ಹೊಗೆ ಇಂಜಿನ್ ಆಗಿದ್ರೆ ಈ ಏರಲ್ಲಿ ಏದುಸಿರು ಬಿಟ್ಟು ನಿಲ್ತಿತ್ತೇನೋ. ಮೇಲಿನ ತುದಿ ಒಸ್ಪಿಜಿಯೋ ಬರ್ನಿನಾ 2253 ಮೀಟರು, ಮುಳ್ಳಯ್ಯನಗಿರಿಗಿಂತ 300 ಮೀಟರಿಗೂ ಮೇಲೆ, ಅಲ್ಲಿಂದ 429 ಮೀಟರ್ ಎತ್ತರದ ತಿರಾನೋಗೆ ಇಳೀತೀರಿ. ಕಿವಿ ಬ್ಲಾಕ್ ಆಗುತ್ತೆ, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿರಿ.

ಒಸ್ಪಿಜಿಯೋ ಹತ್ರ ಲಾಗೋ ಬಿಯಾಂಕೋ ಅಂತ ಕೆರೆ ಇದೆ, ಹೆಸರಿನ ಅರ್ಥವೇ ಬಿಳಿ ಕೆರೆ. ಚಳಿಗಾಲದಲ್ಲಿ ಕೆರೆ ಹುಡುಕಬೇಡಿ, ಒಂದು ಮರವೂ ಇಲ್ಲದ ಚಪ್ಪಟೆ ಬಿಳಿ ಬಯಲು, ಅದೇ ಕೆರೆ. ಪಕ್ಕದಲ್ಲೇ ಲೇ ನಾಯ್ರ್, ಅಂದ್ರೆ ಕಪ್ಪು ಕೆರೆ. ಎರಡರ ಮಧ್ಯೆ ನೀರಿನ ದಾರಿ ಬೇರೆಯಾಗುತ್ತೆ, ಕಪ್ಪು ಕೆರೆ ಕಡೆಯದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ, ಬಿಳಿ ಕೆರೆ ಕಡೆಯದು ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ. ಹಿಮ ಬಿದ್ದಾಗ ಎರಡೂ ಒಂದೇ ಬಣ್ಣ, ಹೆಸರು ಮಾತ್ರ ಬೇರೆ.

ಹಾಗಾದ್ರೆ ಎಕ್ಸ್‌ಪ್ರೆಸ್ ಯಾರಿಗೆ? ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ರೆ, ಲಗೇಜ್ ಜಾಸ್ತಿ ಇದ್ರೆ, ಸೇಂಟ್ ಮಾರಿಟ್ಜ್‌ಗಿಂತ ಹಿಂದಿನ ಕೂರ್ (Chur) ಅನ್ನೋ ಊರಿಂದ ತಿರಾನೋವರೆಗೆ ನಾಲ್ಕು ಗಂಟೆ ಸೀಟು ಬಿಡದೆ ಹೋಗ್ಬೇಕು ಅಂದ್ರೆ ಅದೇ ಸರಿ. ಲೋಕಲ್ಲಲ್ಲಿ ಕೂರ್‌ನಿಂದ ಹೊರಟ್ರೆ ಸೇಂಟ್ ಮಾರಿಟ್ಜ್‌ನಲ್ಲಿ ರೈಲು ಬದಲಾಯಿಸ್ಬೇಕು. ಆದ್ರೆ ಆ ಕೂರ್ ಭಾಗ ಬಿಡಬೇಡಿ, ಫಿಲಿಸುರ್ ಹತ್ರದ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆ ಇರೋದು ಅಲ್ಲೇ, ಬಾಗಿದ ಸೇತುವೆ ದಾಟಿದ ತಕ್ಷಣ ರೈಲು ನೇರ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತೆ. ತಿರಾನೋ ಕಡೆಗೆ ಹೋಗೋವಾಗ ಬಲಗಡೆ ಕೂತ್ಕೊಳ್ಳಿ, ಸೇತುವೆ, ಕೆರೆ, ಹಿಮನದಿ ಎಲ್ಲ ಆ ಕಡೆ.

ಬೆಳಗ್ಗೆ ಬೇಗ ಹೊರಡಿ ಅನ್ನೋದನ್ನ ಮಾತ್ರ ದಯವಿಟ್ಟು ಕೇಳಿ. ಡಿಸೆಂಬರಲ್ಲಿ ಐದು ಗಂಟೆಯೊಳಗೆ ಕತ್ತಲೆ, ಕಣಿವೆಯಲ್ಲಂತೂ ಬೆಟ್ಟದ ಹಿಂದೆ ಸೂರ್ಯ ಇನ್ನೂ ಮುಂಚೆನೇ ಹೋಗ್ಬಿಡ್ತಾನೆ. ನಾವು ಮೊದಲ ಸಲ ಮಧ್ಯಾಹ್ನ ಮಜವಾಗಿ ಊಟ ಮಾಡಿ ವಾಪಸ್ ಹತ್ತಿದ್ವಿ, ಮೇಲೆ ಬರೋಷ್ಟರಲ್ಲಿ ಕಿಟಕಿ ಪೂರ್ತಿ ಕಪ್ಪು.

ತಿರಾನೋ ಇಟಲಿ, ಪಾಸ್‌ಪೋರ್ಟ್ ಕೈಯಲ್ಲಿರ್ಲಿ, ಷೆಂಗೆನ್ ವೀಸಾ ಇದ್ರೆ ಬೇರೇನೂ ಬೇಡ. ಊರೊಳಗೆ ರೈಲು ರಸ್ತೆ ಮೇಲೇ, ಚರ್ಚ್ ಎದುರಿಗೇ, ಕಾರುಗಳನ್ನ ನಿಲ್ಲಿಸ್ಕೊಂಡು ಹೋಗುತ್ತೆ, ನೋಡಿ ನಗು ಬರುತ್ತೆ. ಸಸ್ಯಾಹಾರಿಗಳು ಪಿಟ್ಸೋಕ್ಕೆರಿ ಕೇಳಿ, ಬಕ್‌ವೀಟ್ (ಕುಟ್ಟು) ಹಿಟ್ಟಿನ ಪಾಸ್ತಾ, ಆಲೂಗಡ್ಡೆ ಕೋಸು ಚೀಸು ಹಾಕಿರ್ತಾರೆ, ಬೆಣ್ಣೆ ಧಾರಾಳ, ಒಂದು ಪ್ಲೇಟ್ ಇಬ್ರಿಗೆ ಸಾಕು. ಅಲ್ಲಿಂದ ಲುಗಾನೋಗೆ ಹೋಗೋ ಬರ್ನಿನಾ ಬಸ್ಸು ಡಿಸೆಂಬರಲ್ಲಿ ಇರಲ್ಲ, ಹಳೇ ಬ್ಲಾಗ್ ಓದಿ ಮೋಸ ಹೋಗ್ಬೇಡಿ. ವಾಪಸ್ ಬರೋದು ಬೇಡ ಅಂದ್ರೆ ಪಕ್ಕದ ಸ್ಟೇಷನ್ನಿಂದ ಮಿಲಾನ್‌ಗೆ ಎರಡೂವರೆ ಗಂಟೆ ರೈಲು, ಕೋಮೋ ಸರೋವರದ ದಡದಲ್ಲೇ ಹೋಗುತ್ತೆ, ಅಲ್ಲೂ ಬಲಗಡೆನೇ ಕೂತ್ಕೊಳ್ಳಿ.