ಡೇರೆಯ ಹಾಡು ಎರಡು ಮೈಲಿ ದಾಟಿ

ನಮ್ಮ ಹಳ್ಳಿಯಿಂದ ದಾವಣಗೆರೆಗೆ ಎರಡು ಮೈಲಿ. ನಡುವೆ ಬರೀ ಭದ್ರಾ ಕಾಲುವೆ ನೀರಿನ ಗದ್ದೆಗಳು. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗುತ್ತಿದ್ದೆವು. ರಾತ್ರಿ ಹತ್ತು ದಾಟಿತು ಅಂದರೆ ಪೇಟೆ ಕಡೆಯ ನಾಟಕ ಕಂಪನಿ ಡೇರೆಯಿಂದ ಹಾರ್ಮೋನಿಯಂ ಶುರುವಾಗುತ್ತಿತ್ತು. ಹಿಂದೆಯೇ ತಬಲ. ಆಮೇಲೆ ಹಾಡು. ಮಾತು ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಅಜ್ಜಿ ಕಣ್ಣು ಮುಚ್ಚಿಕೊಂಡೇ ಇದು ಯಾವ ನಾಟಕ, ಈಗ ಎಷ್ಟನೇ ಸೀನು ಅಂತ ಹೇಳಿಬಿಡುತ್ತಿದ್ದಳು.

ಅದೇ ಡೇರೆಯವರು ಹಗಲು ಮೈಕ್ ಹಚ್ಚಿದರೆ ನಮ್ಮೂರಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ಯಾಕೆ ಅಂತ ಅಜ್ಜಿಯನ್ನು ಕೇಳಿದ್ದೆ. "ಹಗಲು ಗದ್ಲ ಜಾಸ್ತಿ ಕಣಪ್ಪ, ರಾತ್ರಿ ಎಲ್ಲಾ ಮಲಗಿರ್ತಾರೆ" ಎಂದಳು. ಅದು ಅರ್ಧ ನಿಜ. ಉಳಿದರ್ಧ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ.

ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ, ತಣ್ಣನೆ ಗಾಳಿಯಲ್ಲಿ ನಿಧಾನ. ಸೊನ್ನೆ ಡಿಗ್ರಿಯಲ್ಲಿ ಅದರ ವೇಗ ಸೆಕೆಂಡಿಗೆ 331 ಮೀಟರ್. ಒಂದು ಡಿಗ್ರಿ ಏರಿದರೆ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. ಇದೇನು ಮಹಾ ಅನ್ನಿಸಬಹುದು. ಕಣದಲ್ಲಿ ಎತ್ತುಗಳನ್ನು ಮೇಟಿಗೆ ಕಟ್ಟಿ ತುಳಿಸುವುದನ್ನು ನೆನೆಸಿಕೊಳ್ಳಿ. ಹೊರಗಿನ ಎತ್ತು ಬಿರಬಿರ ನಡೆಯುತ್ತದೆ, ಮೇಟಿ ಪಕ್ಕದ್ದು ಮೆಲ್ಲಗೆ. ಹಾಗಾಗಿ ಇಡೀ ಸಾಲು ಮೆಲ್ಲಗೆ ನಡೆಯುವ ಎತ್ತಿನ ಕಡೆಗೇ ತಿರುಗುತ್ತಾ ಹೋಗುತ್ತದೆ. ಶಬ್ದದ ಅಲೆಯೂ ಹೀಗೇ, ನಿಧಾನದ ಕಡೆಗೆ ಬಾಗುತ್ತದೆ. ಹಗಲು ನೆಲ ಕಾದಿರುತ್ತದೆ, ಮೇಲಿನ ಗಾಳಿ ತಂಪು. ಶಬ್ದ ಮೇಲಕ್ಕೆ ಬಾಗಿ ನಮ್ಮ ತಲೆ ಮೇಲೆ ಹಾದು ಹೋಗಿಬಿಡುತ್ತದೆ. ರಾತ್ರಿ ನೆಲ ಆರುತ್ತದೆ. ನೀರು ನಿಂತ ಗದ್ದೆಯ ಮೇಲೆ ತಣ್ಣನೆ ಗಾಳಿ ಕೂರುತ್ತದೆ, ಅದರ ಮೇಲೆ ಬೆಚ್ಚನೆಯದು. ಆಗ ಶಬ್ದ ಕೆಳಕ್ಕೆ ಬಾಗುತ್ತದೆ. ಮೇಲೆ ಹೊರಟ ಹಾಡು ಕೂಡ ತಿರುಗಿ ಮಾಳಿಗೆಗೆ ಇಳಿಯುತ್ತದೆ.

ನಾಟಕವನ್ನು ರಾತ್ರಿ ಹತ್ತಕ್ಕೆ ಇಟ್ಟಿದ್ದು ಇದಕ್ಕಾಗಿ ಅಲ್ಲ ಬಿಡಿ. ಹತ್ತಿ ಮಿಲ್ಲಿನ ಪಾಳಿ ಮುಗಿಸಿ, ಮನೆಗೆ ಹೋಗಿ ಉಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವ ಜನಕ್ಕೆ ಅದೇ ಸರಿಯಾದ ಹೊತ್ತಾಗಿತ್ತು.

ದಾವಣಗೆರೆ ಹಾಡಿನ ಊರಾದ ಕತೆ ಈ ಪಾಳಿಯಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಸುತ್ತಲೂ ಹತ್ತಿ ಬೆಳೆಯುವ ಕಪ್ಪು ಮಣ್ಣು. ಒಂದರ ಹಿಂದೆ ಒಂದು ಹತ್ತಿ ಗಿರಣಿ ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಹೆಸರಾಯಿತು. ರೈತನ ಕೈಗೆ ದುಡ್ಡು ಬರುವುದು ಸುಗ್ಗಿಯಲ್ಲಿ. ಮಿಲ್ಲಿನವನ ಕೈಗೆ ವರ್ಷವಿಡೀ ಸಂಬಳ ಬರುತ್ತದೆ. ನಾಟಕ ಕಂಪನಿಗೆ ಬೇಕಾಗಿದ್ದು ಇದೇ. ಐವತ್ತು ಅರವತ್ತು ಮಂದಿಯ ಕಂಪನಿ, ಪರದೆ, ಪೆಟ್ಟಿಗೆ, ಅಡುಗೆ ಪಾತ್ರೆ ಎಲ್ಲ ಹೊತ್ತು ತಂದು ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ದಿನಾ ಟಿಕೆಟ್ ಹರಿಯಬೇಕು. ಇಲ್ಲದಿದ್ದರೆ ಅನ್ನಕ್ಕೇ ಕಷ್ಟ. ಜಾತ್ರೆ ಊರಲ್ಲಿ ಹದಿನೈದು ದಿನ ನಡೆಯುವ ನಾಟಕ ಮಿಲ್ಲಿನ ಊರಲ್ಲಿ ಆರು ತಿಂಗಳು ನಡೆಯಬಲ್ಲದು.

ಇಲ್ಲಿ ಜಾತ್ರೆಗೂ ಕೊರತೆ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. 19ನೇ ಶತಮಾನದ ಕೊನೆಗೇ ಬಂದ ರೈಲು ದಾರಿ, ಬೆಂಗಳೂರು–ಪುಣೆ ಹೆದ್ದಾರಿ ಎರಡೂ ಊರನ್ನು ಹಾದು ಹೋಗುತ್ತವೆ. ಹುಬ್ಬಳ್ಳಿ ಕಡೆಯ ಕಂಪನಿ ಬರುವಾಗ ಹಿಂದೂಸ್ತಾನಿ ಹಾಡುಗಾರಿಕೆ ಬಂತು, ಮರಾಠಿ ನಾಟ್ಯಸಂಗೀತದ ಮಟ್ಟುಗಳು ಬಂದವು. ಮೈಸೂರು ಕಡೆಯವರು ಕರ್ನಾಟಕ ಸಂಗೀತದ ಕೀರ್ತನೆ ಧಾಟಿ ತಂದರು. ನಮ್ಮ ಜನ ಎರಡನ್ನೂ ಕೇಳಿ, ಎರಡಕ್ಕೂ ತಲೆದೂಗಿದರು. ಊರಿನದೇ ಕಂಪನಿಯೂ ಹುಟ್ಟಿತು. ಚಿಂದೋಡಿ ವೀರಪ್ಪನವರು ಕಟ್ಟಿ ಬೆಳೆಸಿದ ಕೆಬಿಆರ್ ಡ್ರಾಮಾ ಕಂಪನಿ ನಾಡೆಲ್ಲ ಕ್ಯಾಂಪ್ ಹಾಕಿತು. ಅವರ ಮಗಳು ಚಿಂದೋಡಿ ಲೀಲಾ ಪದ್ಮಶ್ರೀ ಪಡೆದರು. 2010ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆ ಮನೆಯ ಹಿರಿಯಕ್ಕ ಹೋದಂತೆ ಮಾತಾಡಿಕೊಂಡರು. ಇವತ್ತು ವೃತ್ತಿ ರಂಗಭೂಮಿಗೆಂದೇ ಇರುವ ರಂಗಾಯಣ ದಾವಣಗೆರೆಯಲ್ಲೇ ಇದೆ.

ಮಿಲ್ಲಿನ ಬಗ್ಗೆ ಇನ್ನೊಂದು ಮಾತು. ಮಗ್ಗದ ಶೆಡ್ಡಿನಲ್ಲಿ ಶಬ್ದ 95, 100 ಡೆಸಿಬಲ್ ಮುಟ್ಟುತ್ತದೆ. ಎಂಟು ಗಂಟೆ ಅದರಲ್ಲಿ ನಿಂತವನ ಕಿವಿ ಹೊರಗೆ ಬಂದ ಮೇಲೂ ಕೆಲ ಹೊತ್ತು ಮಂದವಾಗಿರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ದಣಿದಿರುತ್ತವೆ. ಮೊದಲು ಪೆಟ್ಟು ಬೀಳುವುದು 4000 ಹರ್ಟ್ಸ್ ಸುತ್ತಮುತ್ತಲಿನ ಕೇಳುವಿಕೆಗೆ. ವರ್ಷಗಟ್ಟಲೆ ಹೀಗೇ ನಡೆದರೆ ಅದು ಕಾಯಂ ಆಗಿಬಿಡುತ್ತದೆ. ನನ್ನ ದೊಡ್ಡಪ್ಪ ಮಿಲ್ಲಿನಲ್ಲಿದ್ದರು. ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಅವರಿಗೆ ಕೇಳುತ್ತಿರಲಿಲ್ಲ. ಆದರೆ ನಾಟಕದ ಒಂದೊಂದು ಹಾಡೂ ಬಾಯಿಪಾಠ. ಕಂಪನಿ ನಾಟಕದ ಏರುದನಿ, ಖಣಖಣಿಸುವ ಹಾರ್ಮೋನಿಯಂ, ಒತ್ತಿ ಒತ್ತಿ ಆಡುವ ಮಾತು ಆ ಕಿವಿಗಳಿಗೆ ಎಷ್ಟು ಒಪ್ಪಿತ್ತು ಅಂತ ಈಗ ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ.

ಆ ಏರುದನಿಗೂ ಕಾರಣ ಇತ್ತು. ಬಯಲಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಮೀಟರ್ ದೂರ ಕೂತವನಿಗೆ ಸಿಗುವುದರಲ್ಲಿ 32 ಮೀಟರ್ ದೂರದ ಹಿಂದಿನ ಸಾಲಿಗೆ ಸಿಗುವುದು 256ರಲ್ಲಿ ಒಂದು ಪಾಲು. ಮೈಕ್ ಇಲ್ಲದ ಕಾಲದಲ್ಲಿ ನಟ ಆ ಕೊನೆಯವನಿಗೂ ಹಾಡಬೇಕಿತ್ತು, ಅವನೂ ದುಡ್ಡು ಕೊಟ್ಟೇ ಬಂದವನಲ್ವಾ? ಅದಕ್ಕೇ ಹಳೇ ಗಾಯಕ ನಟರು ಹಾರ್ಮೋನಿಯಂನ ನಾಲ್ಕನೇ, ಐದನೇ ಬಿಳಿ ಮನೆಯ ಶ್ರುತಿಗೆ, ಅಂದರೆ ಬಿಳಿ ನಾಲ್ಕು, ಬಿಳಿ ಐದಕ್ಕೆ, ಏರಿಸಿ ಹಾಡುತ್ತಿದ್ದರು. ದನಿಯನ್ನು ಎತ್ತರಿಸಿ ಒತ್ತಿ ಹಾಡಿದಾಗ ಮೂಲ ಸ್ವರಕ್ಕಿಂತ ಅದರ ಮೇಲಿನ ಅನುಸ್ವರಗಳಿಗೆ, ಅಂದರೆ ಅದರ ಜೊತೆಗೇ ಹೊರಡುವ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳಿಗೆ, ಬಲ ಜಾಸ್ತಿ ಬರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ನಡುವೆ. ಅನುಸ್ವರಗಳು ಹೋಗಿ ಬೀಳುವುದೂ ಅಲ್ಲಿಗೇ. ಶಕ್ತಿ ಅಷ್ಟೇ ಖರ್ಚಾದರೂ ಕೇಳುವುದು ಜಾಸ್ತಿ.

ಡೇರೆಯೂ ಸಹಾಯ ಮಾಡುತ್ತಿತ್ತು. ಸುತ್ತ ತಗಡಿನ ಗೋಡೆ, ಮೇಲೆ ಹೊದಿಕೆ, ಕೆಳಗೆ ಮಣ್ಣು. ತಗಡು ಶಬ್ದದ ಒಂದು ಪಾಲನ್ನು ಹೊರಗೆ ಬಿಡದೆ ಒಳಕ್ಕೆ ತಳ್ಳುತ್ತದೆ. ಆದರೆ ಮರುದನಿ ಜಾಸ್ತಿಯಾದರೆ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ. ಇದರ ಲೆಕ್ಕ ಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಆಡಿದ ಮಾತು ಸುಮಾರು ಐದೂವರೆ ಸೆಕೆಂಡ್ ಗುಂಯ್ ಅನ್ನುತ್ತಿತ್ತು. ಸಬೀನ್ ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಅಷ್ಟಷ್ಟೇ ಹಾಸಿ, ಆರ್ಗನ್ ಕೊಳವೆ ಊದಿ, ದನಿ ಆರುವ ಹೊತ್ತನ್ನು ಅಳೆದರು. ಬೆಳಗಾಗುವಷ್ಟರಲ್ಲಿ ದಿಂಬುಗಳು ವಾಪಸ್ ಹೋಗಬೇಕಿತ್ತು. ಕೋಣೆಯ ಘನ ಅಳತೆಯನ್ನು, ಶಬ್ದ ಹೀರುವ ವಸ್ತುಗಳ ಒಟ್ಟು ಅಳತೆಯಿಂದ ಭಾಗಿಸಿ 0.16ರಿಂದ ಗುಣಿಸಿದರೆ ಮರುದನಿಯ ಕಾಲ ಸಿಗುತ್ತದೆ. ಅಳತೆಗಳು ಮೀಟರಿನಲ್ಲಿರಬೇಕು, ಅಷ್ಟೇ.

ಇದನ್ನು ನಮ್ಮ ಡೇರೆಗೆ ಹಾಕಿ ನೋಡೋಣ. 30 ಮೀಟರ್ ಉದ್ದ, 18 ಅಗಲ, 5 ಎತ್ತರ ಎಂದುಕೊಳ್ಳಿ. 2700 ಘನ ಮೀಟರ್ ಆಯಿತು. ಬಟ್ಟೆ ತೊಟ್ಟು ಕೂತ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಶಬ್ದ ಹೀರುತ್ತಾನೆ. ಎಂಟುನೂರು ಜನ ತುಂಬಿದರೆ 400. ಮರುದನಿ ಒಂದು ಸೆಕೆಂಡಿನ ಹತ್ತಿರ ಬರುತ್ತದೆ. ಮಾತಿಗೂ ಹಾಡಿಗೂ ಹದವಾದ ಅಳತೆ. ಜನ ಕಮ್ಮಿಯಾದಷ್ಟೂ ಗುಂಯ್‌ಗುಟ್ಟುವಿಕೆ ಏರುತ್ತದೆ. ಹೌಸ್‌ಫುಲ್ ದಿನ ಹಾಡು ಚೆನ್ನಾಗಿ ಕೂರುತ್ತದೆ ಅಂತ ಕಂಪನಿಯವರು ಹೇಳುವುದು ಖುಷಿಯ ಮಾತಷ್ಟೇ ಅಲ್ಲ. ನೆಲದ ಮೇಲೆ ಕಂಬಳಿ ಹೊದ್ದು ಕೂತ ಹಳ್ಳಿಯವರೂ ಆ ಹಾಡನ್ನು ತಿದ್ದುತ್ತಿದ್ದರು.

ಹಾಗೆ ಕೂತವರು ಸುಮ್ನೆ ಕೂರುತ್ತಲೂ ಇರಲಿಲ್ಲ. ಹಾಡು ಹಿಡಿಸಿತು ಅಂದರೆ "ಒನ್ಸ್ ಮೋರ್!" ಕೂಗು, ಸಿಳ್ಳೆ, ಚಪ್ಪಾಳೆ. ಸತ್ತು ಬಿದ್ದ ರಾಜ ಎದ್ದು ಕೂತು ಮತ್ತೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದ. ಈ ಚಪ್ಪಾಳೆಯನ್ನೂ ವಿಜ್ಞಾನಿಗಳು ಅಳೆದಿದ್ದಾರೆ. ರೊಮೇನಿಯಾ, ಹಂಗೆರಿಯ ರಂಗಮಂದಿರಗಳಲ್ಲಿ ಮೈಕ್ ಇಟ್ಟು ಮಾಡಿದ ಅಧ್ಯಯನ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮೊದಲು ಎಲ್ಲರೂ ಅವರವರ ಲಯದಲ್ಲಿ ಚಟಚಟ ತಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೂ ಹೇಳಿಕೊಡದೆ ಎಲ್ಲರ ಕೈ ಒಂದೇ ತಾಳಕ್ಕೆ ಬರುತ್ತದೆ. ಹಾಗೆ ಬರಬೇಕಾದರೆ ಪ್ರತಿಯೊಬ್ಬನೂ ತಟ್ಟುವ ವೇಗವನ್ನು ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಸುತ್ತಾನೆ. ನಿಧಾನಕ್ಕೆ ತಟ್ಟುವಾಗ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಕಮ್ಮಿ, ಹಾಗಾಗಿ ಕೂಡುವುದು ಸಲೀಸು. ಒಟ್ಟು ಸದ್ದು ಸ್ವಲ್ಪ ತಗ್ಗುತ್ತದೆ, ಆದರೆ ಒಗ್ಗಟ್ಟು ಸಿಗುತ್ತದೆ. ಜೋಶ್ ಏರಿದಾಗ ಮತ್ತೆ ವೇಗ ಹೆಚ್ಚುತ್ತದೆ, ತಾಳ ಒಡೆಯುತ್ತದೆ, ಮತ್ತೆ ಕೂಡುತ್ತದೆ. ದುಗ್ಗಮ್ಮನ ಜಾತ್ರೆ ಡೇರೆಯಲ್ಲಿ ನಾನಿದನ್ನು ಕಿವಿಯಾರೆ ಕೇಳಿದ್ದೇನೆ.

ಒಂದು ಊರು ಹೀಗೆ ಸಂಗೀತಕ್ಕೆ ಹೆಸರಾಗುವುದು ಬೇರೆ ಕಡೆಯೂ ಆಗಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಪಟ್ಟಣ 1991ರಲ್ಲಿ ತನ್ನನ್ನು ಜಗತ್ತಿನ ಲೈವ್ ಸಂಗೀತದ ರಾಜಧಾನಿ ಅಂತ ಕರೆದುಕೊಂಡಿತು. ಅಲ್ಲಿ ಮಿಲ್ಲಿನ ಜಾಗದಲ್ಲಿ ಇದ್ದದ್ದು ದೊಡ್ಡ ವಿಶ್ವವಿದ್ಯಾಲಯ, ಸಾವಿರಾರು ಹುಡುಗರು, ಅಗ್ಗದ ಬಾಡಿಗೆ. 1970ರಲ್ಲಿ ಸೇನೆಯ ಹಳೇ ಕಟ್ಟಡವೊಂದರಲ್ಲಿ ಆರ್ಮಡಿಲ್ಲೊ ವರ್ಲ್ಡ್ ಹೆಡ್‌ಕ್ವಾರ್ಟರ್ಸ್ ಅನ್ನುವ ಸಂಗೀತದ ಮನೆ ಶುರುವಾಯಿತು. ಕಂಟ್ರಿ ಹಾಡುಗಾರ ವಿಲ್ಲಿ ನೆಲ್ಸನ್ ಬಂದು ಹಾಡಿದಾಗ ದನ ಕಾಯುವವರೂ ಉದ್ದ ಕೂದಲಿನ ಹುಡುಗರೂ ಒಂದೇ ಸೂರಿನಡಿ ಕೂತರು. ಊರಿಗೆ ಹೆಸರು ಬಂತು, ಜಾಗದ ಬೆಲೆ ಏರಿತು. 1980ರ ಕೊನೆಯ ದಿನ ಅಲ್ಲಿ ಕೊನೆಯ ಕಛೇರಿ. ಆಮೇಲೆ ಕಟ್ಟಡ ಕೆಡವಿ ಆಫೀಸು ಕಟ್ಟಿದರು. ಓದಿದಾಗ ನನಗೆ ನಮ್ಮೂರಿನ ಖಾಲಿ ಮೈದಾನಗಳು ನೆನಪಾದವು. ಡೇರೆ ಹಾಕುತ್ತಿದ್ದ ಜಾಗ ಈಗ ಸೈಟುಗಳಾಗಿವೆ. ಒಂದು ಕಂಪನಿ ನಿಂತ ಕಡೆ ಹಾರ್ಮೋನಿಯಂ ರಿಪೇರಿಯವರು, ಪರದೆ ಬರೆಯುವವರು, ದರ್ಜಿಗಳು, ಗೋಡೆ ಪೋಸ್ಟರ್ ಅಚ್ಚು ಹಾಕುವವರು ಎಲ್ಲರೂ ನೆಲೆಯಾಗುತ್ತಾರೆ. ಅವರಿದ್ದಾರೆ ಅಂತ ಮುಂದಿನ ಕಂಪನಿ ಬರುತ್ತದೆ. ಊರು ಹೆಸರಾಗುವುದು ಹೀಗೆ. ಜಾಗ ಹೋದರೆ ಇವರೂ ಚೆದುರುತ್ತಾರೆ.

ಹಾಗೆ ಚೆದುರದೆ ಉಳಿದ ಒಬ್ಬ ಹಾರ್ಮೋನಿಯಂ ರಿಪೇರಿ ಮಾಸ್ತರರ ಅಂಗಡಿಗೆ ಹೋದ ತಿಂಗಳು ಹೋಗಿದ್ದೆ. ಹಳೇ ಪೇಟೆಯ ಓಣಿಯೊಂದರಲ್ಲಿದೆ. ಕಂಪನಿಯೊಂದರ ಲೆಗ್ ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಕೂತಿದ್ದರು. ಎರಡು ಕಾಲಲ್ಲೂ ತಿದಿ ಒತ್ತುವ ಪೆಟ್ಟಿಗೆ. ಎರಡೂ ಕೈ ಬಿಡುವಾಗಿರುವುದರಿಂದ ಒಂದರಲ್ಲಿ ಸ್ವರ, ಇನ್ನೊಂದರಲ್ಲಿ ತುಂಬು ನಾದ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ 1842ರಲ್ಲಿ ಪೇಟೆಂಟ್ ಪಡೆದ ವಾದ್ಯ ಇದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕಕ್ಕೆ ಬಾಗುವುದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಇದನ್ನು ದೂರ ಇಟ್ಟಿತ್ತು. ಕಂಪನಿಯವರು ಮಾತ್ರ ಒಂದು ದಿನವೂ ಬಿಡಲಿಲ್ಲ.

"ಯಾಕೆ ಬಿಡಲಿಲ್ಲ ಮಾಸ್ತರೇ?" ಅಂದೆ.

"ಬ್ಯಾಸಗಿ ಡೇರೆಯೊಳಗ ಕೊಳಲು ಊದಿ ನೋಡ್ರಿ, ಗೊತ್ತಾಗ್ತತಿ" ಅಂದರು.

ನಿಜ. ಕೊಳಲಿನ ಶ್ರುತಿ ಒಳಗಿನ ಗಾಳಿಯಲ್ಲಿ ಶಬ್ದ ಓಡುವ ವೇಗದ ಮೇಲೆ ನಿಂತಿದೆ. ಹತ್ತು ಡಿಗ್ರಿ ಏರಿದರೆ ಅದು ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಮೇಲೆ ಹೋಗುತ್ತದೆ. ತಬಲದ ಚರ್ಮವೂ ಸೆಕೆಗೆ ಒಂದು, ಥಂಡಿಗೆ ಒಂದು. ಹಾರ್ಮೋನಿಯಂ ರೀಡು ಒಂದು ಹಿತ್ತಾಳೆ ನಾಲಿಗೆ. ಅದರ ಉದ್ದ, ದಪ್ಪ, ಬಿಗುವೇ ಸ್ವರವನ್ನು ತೀರ್ಮಾನಿಸುವುದು. ಜಾತ್ರೆಯ ಸೆಕೆ ಅದನ್ನು ಅಲ್ಲಾಡಿಸುವುದು ತೀರಾ ಕಮ್ಮಿ. ನೂರು ಮಂದಿ ಬೆವರುವ ಡೇರೆಯಲ್ಲಿ ನಟನಿಗೆ ನಂಬಿಕೆಯ ಶ್ರುತಿ ಬೇಕಲ್ಲ, ಅದು ಸಿಗುತ್ತಿದ್ದುದು ಈ ಪೆಟ್ಟಿಗೆಯಿಂದ.

ಮಾಸ್ತರರು ಒಂದು ರೀಡಿನ ನಾಲಿಗೆ ಅಡಿಗೆ ತೆಳ್ಳನೆಯ ಲೋಹದ ಪಟ್ಟಿ ತೂರಿಸಿದರು. ತುದಿಯಲ್ಲಿ ಕೆರೆದರೆ ನಾಲಿಗೆ ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಕೆರೆದರೆ ಬಿಗುವು ಸಡಿಲಾಗಿ ಸ್ವರ ಇಳಿಯುತ್ತದೆ. ಸಣ್ಣ ಅರದಿಂದ ತುದಿಗೆ ಎರಡು ಸಾರಿ ಸವರಿದರು. ಹಿತ್ತಾಳೆ ಪುಡಿ ಮೊಣಕಾಲ ಮೇಲಿನ ಪಂಚೆಗೆ ಉದುರಿ ಬಿಸಿಲಿಗೆ ಮಿನುಗಿತು. ರೀಡನ್ನು ವಾಪಸ್ ಕೂರಿಸಿ, ಕಾಲಲ್ಲಿ ತಿದಿ ಒತ್ತಿ, ಷಡ್ಜವನ್ನೂ ಅದನ್ನೂ ಒಟ್ಟಿಗೆ ಹಿಡಿದರು. ಎರಡೂ ಪೂರ್ತಿ ಕೂಡದೆ ದನಿ ಮೆಲ್ಲಗೆ ಅಲೆಯಿತು, ಸೆಕೆಂಡಿಗೆ ಎರಡು ಸಾರಿ ಇರಬಹುದು. ತಲೆ ಅಡ್ಡಡ್ಡ ಆಡಿಸಿ ಮತ್ತೆ ಅರ ತೆಗೆದುಕೊಂಡರು.