ಹಳ್ಳಿಯಲ್ಲಿ ಮನೆ ಇಲ್ಲದವರು ಎಲ್ಲಿರುತ್ತಾರೆ?

ಓದುಗರ ಪ್ರಶ್ನೆ: ಪಟ್ಟಣದಲ್ಲಿ ಫುಟ್‌ಪಾತ್ ಮೇಲೆ ಮಲಗಿದವರು ಕಣ್ಣಿಗೆ ಬೀಳುತ್ತಾರೆ. ಹಳ್ಳಿಗಳಲ್ಲಿ ಹಾಗೆ ಯಾರೂ ಕಾಣುವುದಿಲ್ಲ. ಅಲ್ಲೂ ಈ ಸಮಸ್ಯೆ ಇದೆಯಾ? ಇದ್ದರೆ ಏನು ಮಾಡಬಹುದು?

ಇದೆ, ಕಾಣುವುದಿಲ್ಲ ಅಷ್ಟೇ. ಹಳ್ಳಿಯಲ್ಲಿ ಮನೆ ಕಳೆದುಕೊಂಡವರು ಬೀದಿಗೆ ಬರುವ ಮೊದಲು ನೆಂಟರ ಮನೆಗೆ ಹೋಗುತ್ತಾರೆ. ಅಕ್ಕನ ಮನೆಯಲ್ಲಿ ಒಂದು ತಿಂಗಳು, ಗೆಳೆಯನ ಮನೆಯಲ್ಲಿ ಹದಿನೈದು ದಿನ. ಅಲ್ಲೂ ಮುಜುಗರ ಶುರುವಾದ ಮೇಲೆ ಹಳೇ ಕಾರು, ಕೊಟ್ಟಿಗೆ, ಇಲ್ಲವೇ ನೀರು ಕರೆಂಟ್ ಇಲ್ಲದ ಪಾಳುಮನೆ. ಬಟ್ಟೆ ಒಂದು ಕಡೆ, ಮಕ್ಕಳ ಪುಸ್ತಕ ಇನ್ನೊಂದು ಕಡೆ, ಕಾಗದಪತ್ರ ಮತ್ಯಾರದೋ ಬೀರುವಿನಲ್ಲಿ. ಊರಿನವರ ಕಣ್ಣಿಗೆ ಅವರು ಸುಮ್ನೆ ನಾಲ್ಕು ದಿನ ಇರಲು ಬಂದವರು.

ಸರ್ಕಾರದ ಲೆಕ್ಕವೂ ಹೆಚ್ಚುಕಡಿಮೆ ಹಾಗೇ. ಅಮೆರಿಕದಲ್ಲಿ ಜನವರಿ ಕೊನೆಯ ಒಂದು ರಾತ್ರಿ ಮನೆ ಇಲ್ಲದವರನ್ನು ಎಣಿಸುತ್ತಾರೆ. ಆಶ್ರಯತಾಣದಲ್ಲೋ ಬಯಲಲ್ಲೋ ಸಿಕ್ಕವರು ಲೆಕ್ಕಕ್ಕೆ ಸೇರುತ್ತಾರೆ, ನೆಂಟರ ಮನೆಯಲ್ಲಿರುವವರು ಸೇರುವುದಿಲ್ಲ. ಆದರೆ ಅದೇ ದೇಶದ ಶಾಲೆಗಳು ಪಾಲಿಸುವ ಕಾನೂನಿನಲ್ಲಿ, ಮನೆ ಹೋಗಿ ಬೇರೆಯವರ ಜೊತೆ ಇರುವ ಮಗುವೂ ಮನೆ ಇಲ್ಲದ ಮಗುವೇ. ಮಗುವನ್ನು ಒಂದು ಇಲಾಖೆ ಎಣಿಸುತ್ತದೆ, ಅದರ ತಾಯಿಯನ್ನು ಇನ್ನೊಂದು ಇಲಾಖೆ ಬಿಟ್ಟುಬಿಡುತ್ತದೆ! ಲೆಕ್ಕಕ್ಕೆ ಸಿಗದವರಿಗೆ ಅನುದಾನ ಎಲ್ಲಿಂದ ಬರಬೇಕು?

ಕಾರಣಗಳೂ ಸ್ವಲ್ಪ ಬೇರೆ. ಹಳ್ಳಿಯಲ್ಲಿ ಬಾಡಿಗೆ ಮನೆಗಳೇ ಕಡಿಮೆ. ತೋಟದ ಕೆಲಸದ ಜೊತೆ ಕೊಟ್ಟ ಮನೆ, ಕೆಲಸದ ಜೊತೆಗೇ ಹೋಗುತ್ತದೆ. ಗಂಡನ ಹೊಡೆತ ತಾಳಲಾರದೆ ಹೊರಬಿದ್ದವಳಿಗೆ ಊರಲ್ಲೆಲ್ಲ ಸಿಗುವುದು ಗಂಡನನ್ನು ಬಲ್ಲವರೇ.

ಹತ್ತಿರದ ಪಟ್ಟಣದಲ್ಲಿ ಒಂದು ದೊಡ್ಡ ಆಶ್ರಯತಾಣ ಕಟ್ಟಿದರಾಯಿತು ಅಂತ ಹಲವರು ಹೇಳುತ್ತಾರೆ. ನನಗೇನೋ ಅದು ಹಳ್ಳಿಗೆ ಹೊಂದುವುದಿಲ್ಲ ಅನಿಸುತ್ತದೆ. ಅಲ್ಲಿಗೆ ಹೋಗುವವರು ಕೂಲಿ, ಮಕ್ಕಳ ಶಾಲೆ, ಕಷ್ಟಕ್ಕಾಗುವ ನಾಲ್ಕು ಜನ, ಎಲ್ಲ ಬಿಟ್ಟು ಹೋಗಬೇಕು.

ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿಗಾಡಿನಲ್ಲಿ ಬೇರೆ ದಾರಿ ಹಿಡಿದರು. ಮೊದಲು ಮನೆ ಕೊಡು, ಕುಡಿತ ಬಿಡಿಸುವುದು, ಚಿಕಿತ್ಸೆ ಎಲ್ಲ ಆಮೇಲೆ ಅನ್ನುವ ಪದ್ಧತಿ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿತ್ತು. ವರ್ಮಾಂಟ್‌ನಲ್ಲಿ ಮನೆಗಳು ದೂರದೂರ. ಹಾಗಾಗಿ ಆಯಾ ಭಾಗದಲ್ಲೇ ಇರುವ ಕಾರ್ಯಕರ್ತರು ಮನೆಗೆ ಹೋಗಿ ನೋಡಿಕೊಂಡರು, ತಜ್ಞರು ಹಲವು ಊರುಗಳನ್ನು ಹಂಚಿಕೊಂಡರು. ಕೆಲವರಿಗೆ ಕಂಪ್ಯೂಟರ್ ಕೊಟ್ಟು ವಿಡಿಯೋ ಕರೆಯಲ್ಲೇ ಮಾತಾಡಿಸಿದರು. ಸುಮಾರು 3 ವರ್ಷದ ಅವಧಿಯಲ್ಲಿ ಶೇ. 85ರಷ್ಟು ಜನ ಮನೆ ಉಳಿಸಿಕೊಂಡರು.

ಇದಕ್ಕಿಂತ ಅಗ್ಗದ ಕೆಲಸ ಅಂದ್ರೆ ಇರುವ ಮನೆ ಬೀಳದ ಹಾಗೆ ನೋಡಿಕೊಳ್ಳುವುದು. ಚಾವಣಿ ಸೋರಿ, ಗೋಡೆ ಕುಸಿದು ಮನೆ ಬಿಡುವವರು ಹಳ್ಳಿಯಲ್ಲಿ ಜಾಸ್ತಿ, ಅದರಲ್ಲೂ ವಯಸ್ಸಾದವರು. ಅಮೆರಿಕದ ಕೃಷಿ ಇಲಾಖೆ ತೀರಾ ಕಡಿಮೆ ಆದಾಯದವರಿಗೆ ರಿಪೇರಿ ಸಾಲ ಕೊಡುತ್ತದೆ. 62 ವರ್ಷ ತುಂಬಿದ, ಸಾಲ ತೀರಿಸಲಾಗದ ಮನೆಯೊಡೆಯರಿಗೆ ಸಹಾಯಧನವೂ ಇದೆ.

ಯಾರ ಮನೆ ಹೋಗುವ ಹಂತಕ್ಕೆ ಬಂದಿದೆ ಅಂತ ಮೊದಲು ಗೊತ್ತಾಗುವುದು ಟೀಚರಿಗೆ, ಅಂಚೆಯವರಿಗೆ, ನರ್ಸಿಗೆ. ಅವರು ಫೋನ್ ಮಾಡಲು ಒಂದು ನಂಬರ್ ಇರಬೇಕು. ಆ ಕಡೆ ಫೋನ್ ಎತ್ತುವವರ ಕೈಯಲ್ಲಿ, ಮೇಲಿನವರನ್ನು ಕೇಳದೆ ಒಂದು ತಿಂಗಳ ಬಾಡಿಗೆ ಕಟ್ಟುವಷ್ಟಾದರೂ ದುಡ್ಡಿರಬೇಕು.